ಕಾಕ್‌ಪಿಟ್‌ಗೆ ಐಪ್ಯಾಡ್ ಮಿನಿ: ಕೊಳ್ಳುವ ಮುನ್ನ

ಸಣ್ಣ ವಿಮಾನ ಹಾರಿಸುವವರಿಗೆ, ಹಾರಾಟದ ನಕ್ಷೆಗಳನ್ನು ನೋಡಲು, ಈಗಲೂ ನಮ್ಮ ಮೊದಲ ಆಯ್ಕೆ 8.3 ಇಂಚಿನ ಐಪ್ಯಾಡ್ ಮಿನಿ. ಸುಮಾರು 300 ಗ್ರಾಂ ತೂಕ. ತೊಡೆಯ ಮೇಲೂ ಕೂರುತ್ತದೆ, ಯೋಕ್ (ವಿಮಾನದ ಸ್ಟೀರಿಂಗ್) ಮೇಲೂ ಕೂರುತ್ತದೆ. 11 ಇಂಚಿನದ್ದರಲ್ಲಿ ಅಪ್ರೋಚ್ ಚಾರ್ಟ್ (ಇಳಿಯುವ ದಾರಿಯ ನಕ್ಷೆ) ಓದಲು ಸುಖ, ಆದರೆ ಇಕ್ಕಟ್ಟಾದ ಕಾಕ್‌ಪಿಟ್‌ನಲ್ಲಿ ಅದು ಮೀಟರ್‌ಗಳಿರುವ ಪ್ಯಾನೆಲಿನ ಅರ್ಧವನ್ನೇ ಮುಚ್ಚಿಬಿಡುತ್ತದೆ.

ಹೆಚ್ಚಿನವರು ಎಡವುವುದು ಮಾಡೆಲ್ ಆರಿಸುವಾಗ. ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ಮನೆಯಲ್ಲಿ ಸುತ್ತಲಿನ ವೈಫೈ ಹಿಡಿದು ನಕ್ಷೆಯಲ್ಲಿ ನೀವಿರುವ ಜಾಗದ ನೀಲಿ ಚುಕ್ಕಿಯನ್ನು ಸರಿಯಾಗಿಯೇ ತೋರಿಸುತ್ತದೆ. ಮೇಲೇರಿದ ಮೇಲೆ ಚುಕ್ಕಿ ಅಲ್ಲೇ ನಿಂತಿರುತ್ತದೆ. ಸೆಲ್ಯುಲಾರ್ ಮಾಡೆಲ್ ಕೊಳ್ಳಿ (ಸಿಮ್ ಹಾಕದಿದ್ದರೂ ಜಿಪಿಎಸ್ ನಡೆಯುತ್ತದೆ), ಇಲ್ಲವೇ ಬ್ಲೂಟೂತ್ ಜಿಪಿಎಸ್ ರಿಸೀವರ್ ಜೋಡಿಸಿ.

ಎರಡನೇ ಶತ್ರು ಬಿಸಿಲು. ಆಪಲ್ ಹೇಳುವ ಮಿತಿ 35 ಡಿಗ್ರಿ ಸೆಲ್ಸಿಯಸ್. ಗಾಜಿನಡಿ ನೇರ ಬಿಸಿಲು, ಪೂರ್ತಿ ಬ್ರೈಟ್‌ನೆಸ್, ಜೊತೆಗೆ ಚಾರ್ಜಿಂಗ್ ಸೇರಿದರೆ ಸ್ಕ್ರೀನ್ ಮಂಕಾಗಿ, ಕೊನೆಗೆ ತಾಪಮಾನದ ಎಚ್ಚರಿಕೆಯಷ್ಟೇ ಉಳಿಯುತ್ತದೆ. ದಪ್ಪ ಕೇಸ್ ತೆಗೆಯಿರಿ, ಬೆನ್ನಿಗೆ ಗಾಳಿ ತಾಗುವಂತೆ ಕೂರಿಸಿ. ಪೋಲರೈಸ್ಡ್ ಕನ್ನಡಕವಂತೂ ಬೇಡ, ಅದರಲ್ಲಿ ಸ್ಕ್ರೀನ್ ಕಪ್ಪಾಗಿ ಕಾಣಬಹುದು.

ಆಂಡ್ರಾಯ್ಡ್ ಇಷ್ಟವೇ? ಹಾರಾಟದ ನಕ್ಷೆ ತೋರಿಸುವ ಆ್ಯಪ್‌ಗಳಲ್ಲಿ ಗಾರ್ಮಿನ್ ಪೈಲಟ್ ಎರಡರಲ್ಲೂ ಓಡುತ್ತದೆ, ಫೋರ್‌ಫ್ಲೈಟ್ ಆಪಲ್‌ನಲ್ಲಿ ಮಾತ್ರ. ಹಾಗಾಗಿ ಆ್ಯಪ್ ಮೊದಲು, ಟ್ಯಾಬ್ಲೆಟ್ ಆಮೇಲೆ. ಹೊರಡುವ ಮುನ್ನ ಏರ್‌ಪ್ಲೇನ್ ಮೋಡ್ ಹಾಕಿ, ದಾರಿಯ ಪ್ರತಿ ಚಾರ್ಟ್ ತೆರೆದು ನೋಡಿ. ಡೌನ್‌ಲೋಡ್ ಆಗದೆ ಉಳಿದದ್ದು ನೆಲದ ಮೇಲೇ ಗೊತ್ತಾಗುತ್ತದೆ.