ಹಿರಿಯರ ತಂಡಕ್ಕೆ ಹುಡುಗರನ್ನು ಏರಿಸುವ ಹೊತ್ತು: ಒಂದು ಹಾಕಿ ತರಬೇತಿ ಕೇಂದ್ರದ ಬಗ್ಗೆ ಪೋಷಕನ ವಿಮರ್ಶೆ

ನನ್ನ ಮಗ ಮೂರು ವರ್ಷಗಳಿಂದ ದಕ್ಷಿಣ ಬೆಂಗಳೂರಿನ ಒಂದು ಹಾಕಿ ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದಾನೆ. ಹದಿಮೂರನೆಯ ವಯಸ್ಸಿನಲ್ಲಿ ಸೇರಿದವನಿಗೆ ಈಗ ಹದಿನಾರು ತುಂಬಿದೆ. ಆಡುವುದು ಡಿಫೆಂಡರ್ ಸ್ಥಾನದಲ್ಲಿ. ಮಕ್ಕಳಿಗೆ ಕಲಿಸುವುದರ ಜೊತೆಗೆ ನಗರದ ಲೀಗ್‌ನಲ್ಲಿ ಆಡುವ ಹಿರಿಯರ ತಂಡವೊಂದನ್ನೂ ಈ ಕೇಂದ್ರ ನಡೆಸುತ್ತದೆ. ಸೇರಿಸುವಾಗ ನಾನು ಶುಲ್ಕ ಎಷ್ಟು, ಟರ್ಫ್ (ಕೃತಕ ಹುಲ್ಲಿನ ಮೈದಾನ) ವಾರಕ್ಕೆ ಎಷ್ಟು ದಿನ ಸಿಗುತ್ತದೆ, ಮನೆಯಿಂದ ಎಷ್ಟು ದೂರ ಎಂದು ಕೇಳಿದ್ದೆ. ಹುಡುಗನನ್ನು ಹಿರಿಯರ ತಂಡಕ್ಕೆ ಯಾವಾಗ, ಯಾವ ಆಧಾರದ ಮೇಲೆ, ಯಾರ ಜಾಗಕ್ಕೆ ಏರಿಸುತ್ತೀರಿ ಎಂದು ಕೇಳಬೇಕೆಂಬುದು ಆಗ ಹೊಳೆದಿರಲಿಲ್ಲ. ನನ್ನ ದೂರನ್ನು ಕೇಂದ್ರದವರ ಎದುರಿಗೇ ಹೇಳಿ ಮುಗಿಸಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮಕ್ಕಳನ್ನು ಯಾವ ಕೇಂದ್ರಕ್ಕೆ ಸೇರಿಸಿದರೂ ಈ ಪ್ರಶ್ನೆ ಎದುರಾಗುತ್ತದೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ತರಬೇತಿಯ ಗುಣಮಟ್ಟದ ಬಗ್ಗೆ ನನಗೆ ತೃಪ್ತಿಯಿದೆ. ಮೊದಲ ಆರು ತಿಂಗಳು ಚೆಂಡು ತಡೆಯುವುದು, ತಳ್ಳುವುದು, ಸೊಂಟ ಬಗ್ಗಿಸಿ ಸ್ಟಿಕ್ಕನ್ನು ನೆಲಕ್ಕೆ ಹತ್ತಿರ ಹಿಡಿದು ಓಡುವುದು, ಇಷ್ಟನ್ನು ಬಿಟ್ಟು ಬೇರೇನನ್ನೂ ಮಾಡಿಸಲಿಲ್ಲ. ಬೇಗ ಪಂದ್ಯ ಆಡಿಸಿ ಪೋಷಕರನ್ನು ಸಂತೋಷಪಡಿಸುವ ಆತುರ ಅವರಿಗಿರಲಿಲ್ಲ. ತಪ್ಪು ಮಾಡಿದ ಹುಡುಗನನ್ನು ಎಲ್ಲರೆದುರು ಬೈಯದೆ ಪಕ್ಕಕ್ಕೆ ಕರೆದು ತೋರಿಸಿಕೊಡುವ ಕೋಚ್ ಅವರ ತಾಳ್ಮೆಯನ್ನು ನಾನು ಗ್ಯಾಲರಿಯಲ್ಲಿ ಕೂತು ಎಷ್ಟೋ ಶನಿವಾರ ನೋಡಿದ್ದೇನೆ. ಕುಡಿಯುವ ನೀರು, ಶೌಚಾಲಯ ಪರವಾಗಿಲ್ಲ. ವಾಹನ ನಿಲ್ಲಿಸಲು ಜಾಗವಿಲ್ಲ.

ತೊಂದರೆ ಶುರುವಾದದ್ದು ಕಳೆದ ಸಾಲಿನ ಲೀಗ್‌ಗೆ ಮುಂಚೆ. ತಂಡಕ್ಕೆ ಹೊಸ ರಕ್ತ ಬೇಕೆಂದು ಆಡಳಿತದವರು ಮೂವತ್ತೈದರ ಆಸುಪಾಸಿನ ಮೂವರು ಹಿರಿಯ ಆಟಗಾರರನ್ನು ಒಮ್ಮೆಗೇ ಕೈಬಿಟ್ಟು, ಮೂವರು ಹುಡುಗರನ್ನು ಏರಿಸಿದರು. ಅವರಲ್ಲಿ ನನ್ನ ಮಗನೂ ಒಬ್ಬ. ಅಂದು ಮನೆಯಲ್ಲಿ ಪಾಯಸ ಮಾಡಿದ್ದೆವು. ಒಂಬತ್ತು ಪಂದ್ಯಗಳಿಗೆ ಅವನ ಹೆಸರು ಪಟ್ಟಿಯಲ್ಲಿತ್ತು. ನಾನು ಪ್ರತಿ ಸಲ ಗಡಿಯಾರ ನೋಡಿ ಬರೆದಿಟ್ಟ ಲೆಕ್ಕದಂತೆ ಒಂಬತ್ತೂ ಪಂದ್ಯಗಳಲ್ಲಿ ಸೇರಿ ಅವನು ಮೈದಾನದಲ್ಲಿದ್ದದ್ದು ನಲವತ್ತು ನಿಮಿಷಕ್ಕೂ ಕಡಿಮೆ. ಒಂದು ಪಂದ್ಯವೇ ಅರವತ್ತು ನಿಮಿಷದ್ದು ಎಂಬುದನ್ನು ನೆನೆದರೆ ಅವನು ಇಡೀ ಸಾಲಿನಲ್ಲಿ ಒಂದು ಪಂದ್ಯವನ್ನೂ ಪೂರ್ತಿ ಆಡಿದಂತಾಗಲಿಲ್ಲ. ಅದೇ ದಿನಗಳಲ್ಲಿ ಅವನ ಓರಗೆಯ ಹುಡುಗರು ಕಿರಿಯರ ಪಂದ್ಯಾವಳಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಆಡುತ್ತಿದ್ದರು. ಸ್ಥಾನ ದೊಡ್ಡದಾಯಿತು, ಆಟ ಕಡಿಮೆಯಾಯಿತು.

ಏರಿಸಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೂವರಲ್ಲಿ ಫಾರ್ವರ್ಡ್ ಆಡುವ ಹುಡುಗ ಆ ಸಾಲಿನಲ್ಲಿ ನಿಜಕ್ಕೂ ಬೆಳೆದ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದಾದ್ದರಿಂದ ಕೋಚ್ ಅವನನ್ನು ಪಂದ್ಯದ ನಾಲ್ಕು ಭಾಗಗಳಲ್ಲಿ, ಅಂದರೆ ಪ್ರತಿ ಕ್ವಾರ್ಟರ್‌ನಲ್ಲಿ, ಐದಾರು ನಿಮಿಷ ಇಳಿಸಿ, ದಣಿಯುವ ಮೊದಲೇ ಹೊರಗೆ ಕರೆಯುತ್ತಿದ್ದರು. ಪಕ್ಕದಲ್ಲಿ ಒಬ್ಬ ಅನುಭವಿ ಆಡುತ್ತ, ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುತ್ತಿದ್ದ. ಫಾರ್ವರ್ಡ್ ಹತ್ತು ಸಲ ಚೆಂಡು ಕಳೆದುಕೊಂಡರೂ ಹನ್ನೊಂದನೆಯ ಸಲ ಗೋಲು ಹೊಡೆಯಬಹುದು. ಡಿಫೆಂಡರ್‌ನ ಒಂದು ತಪ್ಪು ಎದುರಾಳಿಗೆ ಗೋಲಾಗುತ್ತದೆ. ಆದ್ದರಿಂದ ತಂಡ ಸೋಲುವ ಭಯದಲ್ಲಿರುವಾಗ ಯಾವ ಕೋಚ್ ಕೂಡ ಹದಿನಾರರ ಡಿಫೆಂಡರ್‌ನನ್ನು ಇಳಿಸಲು ಹಿಂಜರಿಯುವುದು ಸಹಜ. ಅಷ್ಟು ಗೊತ್ತಿದ್ದ ಮೇಲೆ, ಹಿಂದೆ ನಿಂತು ದಾರಿ ತೋರಿಸಬಹುದಾಗಿದ್ದ ಹಿರಿಯ ಡಿಫೆಂಡರ್‌ನನ್ನು ಮೊದಲು ಕೈಬಿಟ್ಟದ್ದು ಏಕೆ ಎಂಬುದಕ್ಕೆ ನನಗೆ ಸಮಾಧಾನದ ಉತ್ತರ ಸಿಗಲಿಲ್ಲ.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಪೆನಾಲ್ಟಿ ಕಾರ್ನರ್‌ಗೆ, ಅಂದರೆ ಗೋಲಿನ ಬಳಿ ತಪ್ಪು ಮಾಡಿದಾಗ ಎದುರಾಳಿಗೆ ಸಿಗುವ ಹೊಡೆತದ ಅವಕಾಶಕ್ಕೆ, ಸಂಬಂಧಿಸಿದ್ದು. ಅದನ್ನು ತಡೆಯುವ ತಂಡದಲ್ಲಿ ಗೋಲ್‌ಕೀಪರ್ ಸೇರಿ ಐವರು ಮಾತ್ರ ಗೋಲಿನ ಗೆರೆಯ ಹಿಂದೆ ನಿಂತು ಕಾಯಬೇಕು, ಚೆಂಡು ಒಳಗೆ ಬಂದ ಕ್ಷಣ ಒಬ್ಬ ಡಿಫೆಂಡರ್ ಹೊಡೆಯುವವನ ಎದುರಿಗೇ ಓಡಬೇಕು. ಮೊದಲ ಹೊಡೆತವನ್ನು ಬೀಸಿ ಹೊಡೆದರೆ ಚೆಂಡು 460 ಮಿ.ಮೀ. ಎತ್ತರದೊಳಗೆ ಗೋಲು ಸೇರಬೇಕೆಂಬ ನಿಯಮವಿದೆ. ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿಯಿಲ್ಲ, ಒಳ್ಳೆಯ ಫ್ಲಿಕ್ಕರ್ ಕೈಯಿಂದ ಚೆಂಡು ಗಂಟೆಗೆ 100 ಕಿ.ಮೀ. ಮೀರಿದ ವೇಗದಲ್ಲಿ ಬರುತ್ತದೆ. ಬೆಂಚಿನಲ್ಲಿ ತಣ್ಣಗೆ ಕೂತಿದ್ದ ನನ್ನ ಮಗನನ್ನು ಎರಡು ಪಂದ್ಯಗಳಲ್ಲಿ ಆಟದ ನಡುವೆ ಇಳಿಸಿ, ಸ್ವಲ್ಪ ಹೊತ್ತಿಗೇ ಪೆನಾಲ್ಟಿ ಕಾರ್ನರ್ ಬಂದಾಗ ಕಾಲು ಚುರುಕಾಗಿದೆ ಎಂಬ ಕಾರಣಕ್ಕೆ ಈ ಓಟಕ್ಕೆ ನಿಲ್ಲಿಸಿದರು. ಕೇಂದ್ರದಲ್ಲಿದ್ದ ಮುಖದ ಮಾಸ್ಕ್‌ಗಳಲ್ಲಿ ಅವನ ಪಾಲಿಗೆ ಬಂದದ್ದು ಪಟ್ಟಿ ಸಡಿಲವಾದದ್ದು. ಮಂಡಿಯ ಗಾರ್ಡ್ ಇರಲೇ ಇಲ್ಲ. ಏನೂ ಆಗಲಿಲ್ಲ, ಆದರೆ ಆ ಹೊತ್ತು ಗ್ಯಾಲರಿಯಲ್ಲಿ ನನಗೆ ಕೂರಲಾಗಲಿಲ್ಲ. ವಯಸ್ಕರ ಹೊಡೆತಕ್ಕೆ ಎದುರು ಓಡುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ, ಸರಿಯಾದ ರಕ್ಷಣಾ ಸಾಮಗ್ರಿ ಕೊಟ್ಟ ಮೇಲೆಯೇ ಹುಡುಗನನ್ನು ಆ ಸ್ಥಾನಕ್ಕೆ ಕಳುಹಿಸಬೇಕು. ಈ ಒಂದು ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ.

ವೃತ್ತಿಪರ ತಂಡಗಳಿಗೂ ಇದೇ ಪ್ರಶ್ನೆ ಇದೆ. 2024ರ ಕೊನೆಯಲ್ಲಿ ಮತ್ತೆ ಆರಂಭವಾದ ಹಾಕಿ ಇಂಡಿಯಾ ಲೀಗ್‌ನಲ್ಲಿ 24 ಆಟಗಾರರ ಪ್ರತಿ ತಂಡದಲ್ಲೂ ನಾಲ್ವರು ಜೂನಿಯರ್ ಆಟಗಾರರು ಇರಲೇಬೇಕೆಂಬ ನಿಯಮ ಮಾಡಿದರು. ನಿಯಮ ಒಳ್ಳೆಯದೇ, ಆದರೆ ತಂಡದಲ್ಲಿರುವುದು ಬೇರೆ, ಮೈದಾನದಲ್ಲಿರುವುದು ಬೇರೆ ಎಂಬುದು ನನ್ನ ಮಗನ ಒಂಬತ್ತು ಪಂದ್ಯಗಳಿಂದ ನನಗೆ ಮನದಟ್ಟಾಗಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಮೊದಲು ಪ್ರಕಟವಾದ 16 ಜನರ ಭಾರತ ತಂಡದಲ್ಲಿ ಹತ್ತು ಮಂದಿಗೆ ಅದು ಮೊದಲ ಒಲಿಂಪಿಕ್ಸ್. ನಮ್ಮ ಸೋಮವಾರಪೇಟೆಯ ಫಾರ್ವರ್ಡ್ ಎಸ್.ವಿ. ಸುನಿಲ್ ಅವರಿಗೆ ಜಾಗ ಸಿಗಲಿಲ್ಲ. 264 ಅಂತರರಾಷ್ಟ್ರೀಯ ಪಂದ್ಯ ಆಡಿದ್ದ ಅವರು ಅದೇ ವರ್ಷ ಅಕ್ಟೋಬರ್‌ನಲ್ಲಿ ನಿವೃತ್ತರಾದರು. ಅವರ ಓಟ ನೋಡುತ್ತ ಬಂದ ನನಗೆ ಅದು ಇಂದಿಗೂ ನೋವಿನ ವಿಷಯ. ಆದರೂ ಆಯ್ಕೆಗಾರರು ಹಿರಿಯರೆಲ್ಲರನ್ನೂ ಬಿಟ್ಟಿರಲಿಲ್ಲ. ಕಂಚಿನ ಪಂದ್ಯದಲ್ಲಿ ಜರ್ಮನಿಯನ್ನು 5-4ರಿಂದ ಮಣಿಸಿದಾಗ ಎರಡು ಗೋಲು ಹೊಡೆದದ್ದು ಮೊದಲು ಮೀಸಲು ಆಟಗಾರನಾಗಿದ್ದ ಸಿಮ್ರನ್‌ಜೀತ್ ಸಿಂಗ್. ಕೊನೆಯ ಕ್ಷಣಗಳ ಪೆನಾಲ್ಟಿ ಕಾರ್ನರ್ ತಡೆದದ್ದು 33 ವರ್ಷದ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್. ಗೋಲ್‌ಕೀಪರ್‌ನ ಜಾಗವನ್ನು ಹುಡುಗರಿಗೆ ಎಲ್ಲಕ್ಕಿಂತ ಕೊನೆಗೆ ಬಿಟ್ಟುಕೊಡಬೇಕೆಂದು ನಾನು ನಂಬುವುದು ಇದಕ್ಕೇ. ಶ್ರೀಜೇಶ್ 36ರವರೆಗೆ ಆಡಿ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇನ್ನೊಂದು ಕಂಚು ಗೆದ್ದು, ಅನಂತರ ಜೂನಿಯರ್ ತಂಡದ ಕೋಚ್ ಆದರು.

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ಪದ್ಧತಿಯಿದೆ. ಹದಿನೆಂಟು, ಹತ್ತೊಂಬತ್ತರ ಹುಡುಗನೊಬ್ಬ ಒಂದು ಸಾಲಿನಲ್ಲಿ ಹತ್ತಕ್ಕಿಂತ ಕಡಿಮೆ ಪಂದ್ಯ ಆಡಿದರೆ ಅವನ ಮೊದಲ ಒಪ್ಪಂದದ ಒಂದು ವರ್ಷ ಖರ್ಚಾಗದೆ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಅಲ್ಲಿನ ತಂಡಗಳು ಒಂಬತ್ತು ಪಂದ್ಯಗಳವರೆಗೆ ಹುಡುಗನನ್ನು ಆಡಿಸಿ ನೋಡಿ, ಇನ್ನೂ ಮಾಗಿಲ್ಲ ಎನಿಸಿದರೆ ಜೂನಿಯರ್ ತಂಡಕ್ಕೆ ವಾಪಸು ಕಳುಹಿಸುತ್ತವೆ. ಅದರ ಹಿಂದಿರುವುದು ಹಣದ ಲೆಕ್ಕವೇ ಇರಬಹುದು. ಆದರೂ ಇಷ್ಟು ಪಂದ್ಯಗಳಾದ ಮೇಲೆ ಕೂತು ನಿರ್ಧರಿಸಲೇಬೇಕೆಂಬ ಗಡಿ ಅಲ್ಲಿದೆ, ವಾಪಸು ಹೋಗುವುದು ಹುಡುಗನಿಗೆ ಅವಮಾನವೂ ಆಗುವುದಿಲ್ಲ. ನಮ್ಮ ಕೇಂದ್ರದಲ್ಲಿ ಅಂಥ ಗಡಿ ಇರಲಿಲ್ಲ. ಏರಿಸಿದವರನ್ನು ಇಳಿಸಿದರೆ ಪೋಷಕರು ಬೇಸರಪಡುತ್ತಾರೆ ಎಂಬ ಸಂಕೋಚದಲ್ಲಿ ಮಗನನ್ನು ಬೆಂಚಿನಲ್ಲೇ ಉಳಿಸಿಕೊಂಡರು. ಅದರಲ್ಲಿ ನನ್ನ ಪಾಲೂ ಇದೆ. ಹೆಸರು ಪಟ್ಟಿಯಲ್ಲಿದೆ ಎಂಬ ಹೆಮ್ಮೆಯಲ್ಲಿ ಐದನೆಯ ಪಂದ್ಯದವರೆಗೆ ನಾನೂ ಬಾಯಿ ತೆರೆಯಲಿಲ್ಲ.

ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವುದುಂಟು. ಅಲ್ಲಿ ಹುಡುಗ ಹಿರಿಯನ ಜಾಗ ಕಿತ್ತುಕೊಳ್ಳುವುದಿಲ್ಲ, ಅವನ ಪಕ್ಕದಲ್ಲಿ ಆಡಿ ಕಲಿಯುತ್ತಾನೆ. ಲೀಗ್ ಆಟಕ್ಕೆ ಅದೇ ಸಡಿಲಿಕೆ ಹೊಂದುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಮೂವರು ಹಿರಿಯರ ಬದಲು ಒಬ್ಬರನ್ನು ಕೈಬಿಟ್ಟು, ಉಳಿದಿಬ್ಬರ ಪಕ್ಕದಲ್ಲಿ ಹುಡುಗರನ್ನು ಆಡಿಸಿದ್ದರೆ ತಂಡಕ್ಕೂ ನಷ್ಟವಾಗುತ್ತಿರಲಿಲ್ಲ.

ಸಾಲು ಮುಗಿದ ಮೇಲೆ ಇದನ್ನೆಲ್ಲ ಕೋಚ್ ಅವರ ಮುಂದೆ ಹೇಳಿದೆ. ನನ್ನ ನಿಮಿಷಗಳ ಪುಸ್ತಕವನ್ನು ಅವರು ಪುಟ ಪುಟವಾಗಿ ನೋಡಿದರು, ಸಿಟ್ಟಾಗಲಿಲ್ಲ. ಈ ವರ್ಷ ಮಗ ಕಿರಿಯರ ತಂಡದಲ್ಲಿ ಪೂರ್ತಿ ಆಡುತ್ತಾನೆ. ಹಿರಿಯರ ಜೊತೆ ವಾರಕ್ಕೊಂದು ದಿನ ಅಭ್ಯಾಸ ಮಾತ್ರ. ಎರಡು ಹೊಸ ಮಾಸ್ಕ್, ಮಂಡಿಯ ಗಾರ್ಡ್‌ಗಳು ಬಂದಿವೆ. ಐದರಲ್ಲಿ ನಾನು ಈ ಕೇಂದ್ರಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಮುಂದಿನ ವರ್ಷದ ಶುಲ್ಕವನ್ನೂ ಕಟ್ಟಿದ್ದೇನೆ. ಕಳೆದ ವರ್ಷ ಕೈಬಿಟ್ಟಿದ್ದ ಆ ಹಿರಿಯ ಡಿಫೆಂಡರ್ ಈಗ ಬ್ಯಾಂಕಿನ ಕೆಲಸ ಮುಗಿಸಿ ಗುರುವಾರ ಸಂಜೆ ಬಂದು ಹುಡುಗರಿಗೆ ಪೆನಾಲ್ಟಿ ಕಾರ್ನರ್‌ನ ಓಟ ಕಲಿಸುತ್ತಿದ್ದಾರೆ. ಮೊದಲ ದಿನ ಅವರು ಮಾಡಿದ ಕೆಲಸ, ಮಗನ ಮಾಸ್ಕಿನ ಪಟ್ಟಿಯನ್ನು ತಾವೇ ಎಳೆದು ಬಿಗಿಮಾಡಿದ್ದು.