ಕಮೈಲಿಯೊದಲ್ಲಿ ರೀಟ್ರಾನ್ಸ್‌ಮಿಷನ್ ತಡೆಯೋಕೆ ಯಾವುದು ಮೇಲು?

ಕಮೈಲಿಯೊ ಅಂದರೆ ಇಂಟರ್ನೆಟ್ ಫೋನ್ ಕರೆಗಳನ್ನು ದಾಟಿಸುವ ಸಿಪ್ ಸರ್ವರ್. ಸಂದೇಶ ತಲುಪಿತೋ ಇಲ್ಲವೋ ತಾನಾಗಿ ಹೇಳದ ಯುಡಿಪಿಯಲ್ಲಿ ಇನ್‌ವೈಟ್ (ಕರೆ ಶುರು ಮಾಡುವ ಸಂದೇಶ) ಕಳಿಸಿದ ಫೋನು ಅರ್ಧ ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ, ಇದೇ ರೀಟ್ರಾನ್ಸ್‌ಮಿಷನ್. ಆಮೇಲೆ ಒಂದು ಸೆಕೆಂಡ್, ಎರಡು, ನಾಲ್ಕು, ಹೀಗೆ 32 ಸೆಕೆಂಡ್ ತನಕ ಬಿಡುವುದಿಲ್ಲ. ಉತ್ತರಿಸುವ ಮುನ್ನ ಸರ್ವರ್ ಕೇಳುವ ಡೇಟಾಬೇಸ್ ಚುರುಕಾಗಿದ್ದರೆ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ ಟೆಸ್ಟ್ ಸರ್ವರ್‌ನಲ್ಲಿ ಕ್ವೆರಿಗೆ ಮುಂಚೆ ಬೇಕಂತಲೇ ಎರಡು ಸೆಕೆಂಡ್ ತಡೆ ಹಾಕಿ ನೋಡಿದೆ.

ಮೊದಲು ಸ್ಕ್ರಿಪ್ಟ್ ಶುರುವಿನಲ್ಲಿ ಬರೀ ಟಿ_ಚೆಕ್_ಟ್ರಾನ್ಸ್, ಅಂದರೆ ಈ ರಿಕ್ವೆಸ್ಟ್‌ಗೆ ಆಗಲೇ ಟ್ರಾನ್ಸಾಕ್ಷನ್ (ರಿಕ್ವೆಸ್ಟ್ ಮತ್ತು ಅದರ ಉತ್ತರಗಳ ಲೆಕ್ಕ) ಇದೆಯಾ ಅಂತ ನೋಡುವ ಫಂಕ್ಷನ್. ಲಾಗ್‌ನಲ್ಲಿ ಒಂದೇ ಕಾಲ್-ಐಡಿ (ಕರೆಯ ಗುರುತು) ಮೂರು ಸಲ ಕಾಣಿಸಿತು, ಮೂರಕ್ಕೂ ಬೇರೆ ಬೇರೆ ಪ್ರೊಸೆಸ್ ನಂಬರ್. ಟ್ರಾನ್ಸಾಕ್ಷನ್ ಹುಟ್ಟುವುದೇ ಟಿ_ರಿಲೇ, ಅಂದರೆ ಕರೆಯನ್ನು ಮುಂದೆ ಕಳಿಸುವ ಹೊತ್ತಿಗೆ. ಅಲ್ಲಿಯವರೆಗೆ ಇದಕ್ಕೆ ಸಿಗುವುದಾದರೂ ಏನು? ಕರೆಯೇನೋ ಎರಡೆರಡು ಸಲ ಮುಂದೆ ಹೋಗಲಿಲ್ಲ, ಟಿ_ರಿಲೇ ಅದನ್ನು ತಡೆಯಿತು. ಆದರೆ ಮೂರು ವರ್ಕರ್ ಪ್ರೊಸೆಸ್‌ಗಳು ಸುಮ್ನೆ ಒಂದೇ ಕ್ವೆರಿ ಹಿಡಿದು ಕೂತಿದ್ದವು. ಮೊದಲೇ ಏದುಸಿರು ಬಿಡುತ್ತಿರುವ ಡೇಟಾಬೇಸ್‌ಗೆ ಇದು ಬೇಕಿತ್ತಾ?

ಇನ್ನೊಂದು ದಾರಿ, ಶುರುವಿನಲ್ಲೇ ಟ್ರಾನ್ಸಾಕ್ಷನ್ ಹುಟ್ಟಿಸುವ ಟಿ_ನ್ಯೂಟ್ರಾನ್. ಅದರ ಬೆನ್ನಿಗೇ ಟಿ_ರಿಪ್ಲೈನಿಂದ 100 ಟ್ರೈಯಿಂಗ್ (‘ಪ್ರಯತ್ನಿಸುತ್ತಿದ್ದೇನೆ’ ಎಂಬ ಉತ್ತರ) ಕಳಿಸಿದರೆ ಫೋನು ಸುಮ್ಮನಾಗುತ್ತದೆ. ರಿಜಿಸ್ಟರ್‌ಗೆ (ಫೋನು ತನ್ನ ವಿಳಾಸ ದಾಖಲಿಸುವ ಸಂದೇಶ) 100 ಹೋಗದಿದ್ದರೂ ಮತ್ತೆ ಬಂದದ್ದು ಅಲ್ಲೇ ನಿಲ್ಲುತ್ತದೆ. ಇದೇ ಸಾಕಲ್ವಾ ಅನಿಸುತ್ತದೆ, ತೆರೆದ ಸರ್ವರ್ ಹುಡುಕುವ ಸ್ಕ್ಯಾನರ್‌ಗಳು ಬಂದು ಬಡಿಯುವ ತನಕ. ಕಸಕ್ಕೂ ಒಂದೊಂದು ಟ್ರಾನ್ಸಾಕ್ಷನ್, ಅಷ್ಟು ಶೇರ್ಡ್ ಮೆಮೊರಿ ಖರ್ಚು. ಜೊತೆಗೆ 403 (ನಿರಾಕರಣೆ) ಕೊಟ್ಟರೆ ಸ್ಕ್ಯಾನರ್ ಆ್ಯಕ್ (ಉತ್ತರ ತಲುಪಿತು ಎಂಬ ಸಂದೇಶ) ಕಳಿಸುವುದಿಲ್ಲ, ಆಗ ನಮ್ಮ ಸರ್ವರೇ ಆ 403 ಅನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. ರೀಟ್ರಾನ್ಸ್‌ಮಿಷನ್ ತಡೆಯೋಕೆ ಹೋಗಿ ನಾವೇ ಶುರು ಮಾಡಿದ ಹಾಗೆ.

ನನಗೆ ಒಪ್ಪಿಗೆಯಾದದ್ದು ಟಿಎಂಎಕ್ಸ್ ಮಾಡ್ಯೂಲಿನ ಟಿ_ಪ್ರೀಚೆಕ್_ಟ್ರಾನ್ಸ್. ಟ್ರಾನ್ಸಾಕ್ಷನ್ ಹುಟ್ಟದಿದ್ದರೂ, ಇದೇ ರಿಕ್ವೆಸ್ಟ್ ಬೇರೆ ಪ್ರೊಸೆಸ್ ಕೈಯಲ್ಲಿದೆಯಾ ಅಂತ ಅದು ಹೇಳುತ್ತದೆ. ಹೌದು ಅಂದರೆ ಟಿ_ಚೆಕ್_ಟ್ರಾನ್ಸ್ ಕರೆದು ಎಕ್ಸಿಟ್. ಅದೇ ಎರಡು ಸೆಕೆಂಡ್ ತಡೆಯಲ್ಲಿ ಕ್ವೆರಿ ಒಂದೇ ಸಲ ಓಡಿತು. ಫೋನು ಆಗಲೂ ಮತ್ತೆ ಕಳಿಸುತ್ತಲೇ ಇತ್ತು, ಆದರೆ ಬಂದ ವರ್ಕರ್ ಕ್ಷಣದಲ್ಲಿ ವಾಪಸ್. ಇಲ್ಲ ಅಂದಾಗಲೂ ಕೆಳಗೆ ಇನ್ನೊಂದು ಟಿ_ಚೆಕ್_ಟ್ರಾನ್ಸ್ ಇರಲೇಬೇಕು, ಯಾಕೆಂದರೆ ಮೊದಲ ವರ್ಕರ್ ಕೆಲಸ ಮುಗಿಸಿದ ಮೇಲೆ ಬರುವ ನಕಲನ್ನು ಹಿಡಿಯುವುದು ಅದೇ. ಆ್ಯಕ್ ಅನ್ನು ಮಾತ್ರ ಇದರಿಂದ ಹೊರಗಿಡಿ.

ಈ ಲೆಕ್ಕವೆಲ್ಲ ಒಂದೇ ಮಷೀನಿನ ಶೇರ್ಡ್ ಮೆಮೊರಿಯಲ್ಲಿರುತ್ತದೆ. ಮುಂದೆ ಲೋಡ್ ಬ್ಯಾಲೆನ್ಸರ್ ಇದ್ದರೆ ನಕಲು ಬೇರೆ ಸರ್ವರ್‌ಗೆ ಹೋಗಬಾರದು. ಅಲ್ಲಿ ಕಮೈಲಿಯೊದ ಡಿಸ್ಪ್ಯಾಚರ್ (ಕರೆ ಹಂಚುವ ಮಾಡ್ಯೂಲ್) ಇದ್ದರೆ ಅಲ್ಗಾರಿದಮ್ 0, ಅಂದರೆ ಕಾಲ್-ಐಡಿ ನೋಡಿ ಸರ್ವರ್ ಆರಿಸುವ ಹ್ಯಾಶ್, ಹಾಕಿ.