ಕ್ರೆಡಿಟ್ ಬ್ಯಾಂಕ್ ಖಾತೆ: ಕಾರವಾರದ ನರ್ಸ್ ಒಬ್ಬಳ ಅನುಭವ

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಕಾರವಾರದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿರುವ ನಾನು 2022ರಿಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅಂದರೆ ಎಬಿಸಿ ಖಾತೆಯನ್ನು ಬಳಸುತ್ತಿದ್ದೇನೆ. ಓದಿದ ಕೋರ್ಸ್‌ಗಳಿಗೆ ಕಲಿಕೆಯ ಗಂಟೆಗಳ ಲೆಕ್ಕದಲ್ಲಿ ಸಿಗುವ ಕ್ರೆಡಿಟ್‌ಗಳನ್ನು ಕೂಡಿಡುವ ಡಿಜಿಟಲ್ ಖಾತೆ ಇದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2021ರ ನಿಯಮಾವಳಿಯಂತೆ ಆರಂಭವಾದ ಈ ಸೇವೆಗೆ ಶುಲ್ಕವಿಲ್ಲ. ಡಿಜಿಲಾಕರ್‌ನಲ್ಲಿ ಆಧಾರ್ ಜೋಡಿಸಿದರೆ 12 ಅಂಕಿಗಳ ಗುರುತಿನ ಸಂಖ್ಯೆ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್ ಇದ್ದು ಆಧಾರ್‌ನಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ಸೇರಿರುವವರು, ಅದರಲ್ಲೂ ‘ನಾಯ್ಕ’ ಎಂಬುದನ್ನು ಒಂದೊಂದು ದಾಖಲೆಯಲ್ಲಿ ಒಂದೊಂದು ಇಂಗ್ಲಿಷ್ ಕಾಗುಣಿತದಲ್ಲಿ ಬರೆಸಿಕೊಂಡಿರುವ ನಮ್ಮ ಜಿಲ್ಲೆಯವರು, ಮೊದಲು ಹೆಸರನ್ನು ಸರಿಪಡಿಸಿಕೊಂಡು ನಂತರ ಖಾತೆ ತೆರೆಯುವುದು ಒಳ್ಳೆಯದು.

ಹೆಸರಿನಲ್ಲಿ ಬ್ಯಾಂಕ್ ಇದ್ದರೂ ಇಲ್ಲಿ ವಿದ್ಯಾರ್ಥಿ ತಾನೇ ಏನನ್ನೂ ಜಮಾ ಮಾಡುವಂತಿಲ್ಲ. ಕಲಿಸಿದ ಸಂಸ್ಥೆ ಎಬಿಸಿಯಲ್ಲಿ ನೋಂದಾಯಿಸಿಕೊಂಡು ಕ್ರೆಡಿಟ್‌ಗಳನ್ನು ಕಳುಹಿಸಿದರೆ ಮಾತ್ರ ಅವು ಖಾತೆಗೆ ಸೇರುತ್ತವೆ. ನಾನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ‘ಸ್ವಯಂ’ ಜಾಲತಾಣದಲ್ಲಿ ಮನೋವಿಜ್ಞಾನದ ಕೋರ್ಸ್ ಮಾಡಿ, ನೈಟ್ ಡ್ಯೂಟಿ ಮುಗಿಸಿದ ಕಣ್ಣಲ್ಲೇ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದೆ. ಆ ಕ್ರೆಡಿಟ್‌ಗಳು ತಕರಾರಿಲ್ಲದೆ ಖಾತೆಗೆ ಬಂದವು. ಅವುಗಳಿಗೆ ಗರಿಷ್ಠ 7 ವರ್ಷಗಳ ಮಾನ್ಯತೆ ಇರುವುದರಿಂದ, ಕೆಲಸ ಮಾಡುತ್ತಲೇ ಓದುವವರಿಗೆ ಅವಸರವಿಲ್ಲ. ದಾಖಲೆ ಕಾಯುವ ಸೇವೆಯೆಂದು ನೋಡಿದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಕ್ರೆಡಿಟ್ ವರ್ಗಾವಣೆಯ ಮಾತು ಬೇರೆ. ಖಾತೆಯಲ್ಲಿ ಕ್ರೆಡಿಟ್ ಇದೆಯೆಂಬ ಕಾರಣಕ್ಕೆ ಯಾವ ಕಾಲೇಜೂ ಅದನ್ನು ಒಪ್ಪಿಕೊಳ್ಳಬೇಕೆಂದಿಲ್ಲ. ಜಿಎನ್‌ಎಂ ಮುಗಿಸಿದವರು ಓದುವ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಪದವಿಗೆ ಅರ್ಜಿ ಹಾಕುವಾಗ ನಾನು ಮನೋವಿಜ್ಞಾನಕ್ಕೆ ವಿನಾಯಿತಿ ಕೇಳಿದ್ದೆ. ಶುಶ್ರೂಷಾ ಪರಿಷತ್ತು ನಿಗದಿಪಡಿಸಿದ ಗಂಟೆಗಳನ್ನು ತರಗತಿಯಲ್ಲಿ ಕುಳಿತೇ ಪೂರೈಸಬೇಕು ಎಂದು ಕಚೇರಿಯವರು ಸೌಜನ್ಯದಿಂದಲೇ ಹೇಳಿ ಕಳುಹಿಸಿದರು.

ಅಂಕೋಲಾ ಕಡೆಯಿಂದ ಬರುವ ನಮ್ಮ ವಾರ್ಡ್ ಸಹಾಯಕಿಯದು ಇನ್ನೂ ಕಷ್ಟದ ಪ್ರಕರಣ. ‘ಯಾವ ಕಾಲೇಜಿಗಾದರೂ ವರ್ಗಾಯಿಸಬಹುದು’ ಎಂಬ ಭರವಸೆಯ ಮೇಲೆ ಅವರು ಹೊರರಾಜ್ಯದ ಆನ್‌ಲೈನ್ ನರ್ಸಿಂಗ್ ಸಂಸ್ಥೆಯೊಂದಕ್ಕೆ ಹಣ ಕಟ್ಟಿದ್ದರು. ಆ ಸಂಸ್ಥೆಯ ಹೆಸರು ಎಬಿಸಿಯ ಪಟ್ಟಿಯಲ್ಲೇ ಇರಲಿಲ್ಲ. ಇರುವುದಾದರೂ ಹೇಗೆ? ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸ್‌ಗಳ ಕುರಿತ ಯುಜಿಸಿಯ 2020ರ ನಿಯಮಾವಳಿ ನರ್ಸಿಂಗನ್ನು ಆನ್‌ಲೈನ್‌ನಲ್ಲಿ ನಡೆಸಬಾರದ ಕೋರ್ಸ್‌ಗಳ ಸಾಲಿಗೆ ಸೇರಿಸಿದೆ. ಅವರ ಜೊತೆ ಬಿಎಸ್ಸಿ ನರ್ಸಿಂಗ್ ಕಾಲೇಜೊಂದಕ್ಕೆ ಹೋದಾಗ ಅಲ್ಲಿನ ಉಪನ್ಯಾಸಕಿ ವಿದ್ಯಾರ್ಥಿನಿಯೊಬ್ಬಳ ಕ್ಲಿನಿಕಲ್ ರೆಕಾರ್ಡ್ ಪುಸ್ತಕ ತೆರೆದು ತೋರಿಸಿದರು. ದಿನಾಂಕ, ವಾರ್ಡ್, ಗಂಟೆ, ಪ್ರತಿ ಸಾಲಿನ ಕೊನೆಗೆ ಮೇಲ್ವಿಚಾರಕಿಯ ಸಹಿ. ಹೊಸ ಬಿಎಸ್ಸಿ ಪಠ್ಯಕ್ರಮದಲ್ಲಿ 20 ವಾರಗಳ ಸೆಮಿಸ್ಟರ್‌ಗೆ ವಾರಕ್ಕೆ ಒಂದು ಗಂಟೆಯ ಪಾಠ ಒಂದು ಕ್ರೆಡಿಟ್ ಆದರೆ, ಆಸ್ಪತ್ರೆಯ ಕೆಲಸದಲ್ಲಿ ಒಂದು ಕ್ರೆಡಿಟ್‌ಗೆ ವಾರಕ್ಕೆ ನಾಲ್ಕು ಗಂಟೆ, ಅಂದರೆ 80 ಗಂಟೆ ಬೇಕು. ವಿಡಿಯೊ ನೋಡಿ ಪಡೆದ ಪ್ರಮಾಣಪತ್ರವನ್ನು ಆ ಪುಸ್ತಕದ ಪಕ್ಕದಲ್ಲಿಟ್ಟ ಮೇಲೆ ವಾದಿಸಲು ಏನೂ ಉಳಿಯಲಿಲ್ಲ.

ಅಮೆರಿಕದಲ್ಲಿ ಆನ್‌ಲೈನ್ ನರ್ಸಿಂಗ್ ಪದವಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಬಹುಮಟ್ಟಿಗೆ ಅದನ್ನು ಓದುವವರು ಈಗಾಗಲೇ ನೋಂದಾಯಿತ ನರ್ಸ್‌ಗಳು, ಮತ್ತು ಅಲ್ಲಿಯೂ ಸೇರಿಸಿಕೊಳ್ಳುವ ಕಾಲೇಜು ಹಳೆಯ ಸಂಸ್ಥೆಯ ಮಾನ್ಯತೆಯನ್ನೂ ಗ್ರೇಡನ್ನೂ ನೋಡಿಯೇ ತೀರ್ಮಾನಿಸುತ್ತದೆ.

ನರ್ಸಿಂಗ್ ಬಿಟ್ಟು ಬೇರೆ ಪದವಿ ಓದುವವರಿಗೆ ಈ ಖಾತೆ ಹೆಚ್ಚು ಉಪಯುಕ್ತ. ಅಲ್ಲಿಯೂ ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಬೇಕೆಂಬ ನಿಯಮವಿದೆ. ಹಣ ಕಟ್ಟುವ ಮೊದಲು ಎಬಿಸಿ ಪಟ್ಟಿಯಲ್ಲಿ ಸಂಸ್ಥೆಯ ಹೆಸರನ್ನು ಹುಡುಕಿ ನೋಡಿ, ಮುಂದೆ ಸೇರಲಿರುವ ಕಾಲೇಜಿನಿಂದ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಒಪ್ಪುತ್ತಾರೆಂಬುದನ್ನು ಪತ್ರದಲ್ಲೇ ಪಡೆದುಕೊಳ್ಳಿ. ನಮ್ಮ ವಾರ್ಡ್ ಸಹಾಯಕಿ ಈಗ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾರೆ, ಕಟ್ಟಿದ ಹಣ ಮಾತ್ರ ಇನ್ನೂ ವಾಪಸ್ ಬಂದಿಲ್ಲ.